‘ದೇವರಗುಡ್ಡ’ ಎಂದರೆ ಯಾರು? — ಆ ಮಾತಿನ ಅರ್ಥ ಮತ್ತು ಬಳಕೆ

ಶ್ರೀ ಮಲೆ ಮಹದೇಶ್ವರ ಸ್ವಾಮಿಯವರ ದರ್ಶನಕ್ಕೆಂದು ಬರುವ ಭಕ್ತಾದಿಗಳು ತಾಳುಬೆಟ್ಟದಿಂದ ಹಿಡಿದು ದೇವಸ್ಥಾನದ ಅಂಗಳದವರೆಗೂ ಒಂದು ಮಾತನ್ನು ಕೇಳುತ್ತಲೇ ಇರುತ್ತಾರೆ. ‘ಗುಡ್ಡರು ಬಂದ್ರು ದಾರಿ ಬಿಡಿ’, ‘ನಮ್ಮನೇಲಿ ಒಬ್ಬ ಗುಡ್ಡ ಇದ್ದಾನೆ’, ‘ಅವರಪ್ಪನೂ ದೇವರಗುಡ್ಡನೇ’ ಅಂತ ಪಕ್ಕದವರು ಆಡಿಕೊಳ್ಳುತ್ತಾರೆ. ಕೊಳ್ಳೇಗಾಲ, ನಂಜನಗೂಡು, ತಿ. ನರಸೀಪುರ, ಮಳವಳ್ಳಿ ಕಡೆಯವರಿಗೆ ಇದರಲ್ಲಿ ಹೇಳಿಕೊಡುವಂಥದ್ದು ಏನೂ ಇಲ್ಲ, ತೊಟ್ಟಿಲಿನಿಂದಲೇ ಕೇಳಿದ ಮಾತು. ಆದರೆ ದೂರದಿಂದ ಬಂದವರಿಗೆ, ಅದರಲ್ಲೂ ಧಾರವಾಡ, ಹಾವೇರಿ, ಬೆಳಗಾವಿ ಕಡೆಯಿಂದ ಬಂದವರಿಗೆ ಗೊಂದಲವಾಗುತ್ತದೆ. ಅವರ ಕಡೆ ಗುಡ್ಡ ಅಂದರೆ ಬೆಟ್ಟ. ಸವದತ್ತಿಯ ಯಲ್ಲಮ್ಮನ ಗುಡ್ಡ ಎಲ್ಲರಿಗೂ ಗೊತ್ತು. ರಾಣೆಬೆನ್ನೂರು ತಾಲ್ಲೂಕಿನಲ್ಲಿ ದೇವರಗುಡ್ಡ ಅಂತ ಊರೇ ಇದೆ, ಅಲ್ಲಿ ಮಾಲತೇಶ ದೇವರ ದೊಡ್ಡ ಕ್ಷೇತ್ರವಿದೆ. ಹೀಗಾಗಿ ‘ದೇವರಗುಡ್ಡ ಬಂದ’ ಎಂದರೆ ಬೆಟ್ಟ ಹೇಗೆ ಬರುತ್ತೆ ಅಂತ ಅವರು ನಗುವುದೂ ಉಂಟು. ಆಂಧ್ರದ ಕಡೆಯ ಭಕ್ತರು ಬಂದರಂತೂ ಕೇಳುವುದೇ ಬೇಡ, ತೆಲುಗಿನಲ್ಲಿ ಗುಡ್ಡ ಅಂದರೆ ಬಟ್ಟೆ!

ಇನ್ನು ಕೆಲವರು ತಾವೇ ಒಂದು ಅರ್ಥ ಕಟ್ಟಿಕೊಳ್ಳುತ್ತಾರೆ. ಬೆಟ್ಟದ ಮೇಲೆ ಇರುವವರಾದ್ದರಿಂದ ಗುಡ್ಡರು, ಅಂದರೆ ಗುಡ್ಡಗಾಡಿನ ಜನ ಅಂತ. ಕೇಳುವುದಕ್ಕೆ ಸರಿ ಅನ್ನಿಸಿದರೂ ಇದು ತಪ್ಪು. ಮೊದಲನೆಯದಾಗಿ ಈ ಸೀಮೆಯವರು ಬೆಟ್ಟಕ್ಕೆ ಗುಡ್ಡ ಅನ್ನುವುದೇ ಇಲ್ಲ. ಎಪ್ಪತ್ತೇಳು ಮಲೆ ಅನ್ನುತ್ತಾರೆ, ಮಾದಪ್ಪನ ಬೆಟ್ಟ ಅನ್ನುತ್ತಾರೆ, ಗಡಿಯಾಚೆಯ ತಮಿಳು ಭಕ್ತರು ಮಾದೇಶ್ವರನ್ ಮಲೈ ಅನ್ನುತ್ತಾರೆ. ‘ಮಾದಪ್ಪನ ಗುಡ್ಡ’ ಅಂದರೆ ಈ ಸೀಮೆಯಲ್ಲಿ ಅರ್ಥ ಒಂದೇ, ಮಾದಪ್ಪನಿಗೆ ಸೇರಿದ ಒಬ್ಬ ಮನುಷ್ಯ. ಎರಡನೆಯದಾಗಿ, ದೇವರಗುಡ್ಡರಲ್ಲಿ ಹೆಚ್ಚಿನವರು ಬೆಟ್ಟದ ಮೇಲೆ ವಾಸ ಮಾಡುವವರೂ ಅಲ್ಲ. ಮೈಸೂರು, ಮಂಡ್ಯ, ಚಾಮರಾಜನಗರ ಜಿಲ್ಲೆಗಳ ಬಯಲು ಹಳ್ಳಿಗಳಲ್ಲಿ ಆರಂಬ ಮಾಡಿಕೊಂಡು ಇರುವ ಸಂಸಾರಸ್ಥರು.

ಮಾತನ್ನು ಬಿಡಿಸಿ ನೋಡುವುದಕ್ಕೆ ಪಂಡಿತರೇ ಬೇಕಾಗಿಲ್ಲ. ಶಾಲೆಯಲ್ಲಿ ಕಲಿತ ವಿಭಕ್ತಿ ನೆನಪಿದ್ದರೆ ಸಾಕು. ಬೆಟ್ಟ ಎಂಬ ಅರ್ಥದ ಗುಡ್ಡ ‘ಗುಡ್ಡದ’ ಆಗುತ್ತದೆ, ಬಹಳ ಇದ್ದರೆ ‘ಗುಡ್ಡಗಳು’. ಗುಡ್ಡದ ಮೇಲೆ, ಗುಡ್ಡದಿಂದ, ಗುಡ್ಡಕ್ಕೆ. ಇಲ್ಲಿಯ ಗುಡ್ಡ ಹಾಗಲ್ಲ. ಗುಡ್ಡನ ಜೋಳಿಗೆ, ಗುಡ್ಡನಿಗೆ ಊಟ, ಗುಡ್ಡನನ್ನು ಕರೆಯಿರಿ, ಬಹಳ ಮಂದಿ ಬಂದರೆ ಗುಡ್ಡರು. ‘ಅಣ್ಣ, ಅಣ್ಣನ, ಅಣ್ಣನಿಗೆ’ ಎಂಬ ಹಾಗೆಯೇ ಇದು ಮನುಷ್ಯನಿಗೆ ಹತ್ತುವ ಮಾತು. ಬರಹದಲ್ಲಿ ಎರಡೂ ಒಂದೇ ಥರ ಕಂಡರೂ ನಡೆಯುವ ರೀತಿ ಬೇರೆ. ಅದರ ಅರ್ಥ ಶಿಷ್ಯ, ಒಬ್ಬ ಗುರುವಿಗೋ ದೇವರಿಗೋ ತನ್ನನ್ನು ಒಪ್ಪಿಸಿಕೊಂಡವನು.

ಹಾಗಾದರೆ ದೇವರಗುಡ್ಡ ಯಾರು? ಶ್ರೀ ಸ್ವಾಮಿಯವರ ಹೆಸರಿನಲ್ಲಿ ದೀಕ್ಷೆ ಪಡೆದವನು. ಕೊರಳಲ್ಲಿ ರುದ್ರಾಕ್ಷಿ, ಹಣೆಯಲ್ಲಿ ವಿಭೂತಿ, ಹೆಗಲಿಗೆ ಜೋಳಿಗೆ, ಕೈಯಲ್ಲಿ ಬೆತ್ತ, ಮತ್ತೆ ಕಂಸಾಳೆ. ಕಂಸಾಳೆ ಎಂದರೆ ಕಂಚಿನ ತಾಳ. ಎಡಗೈಯಲ್ಲಿ ಹಿಡಿಯುವುದು ಬಟ್ಟಲಿನಂತೆ ಗುಂಡಿಯಾಗಿರುತ್ತದೆ, ಬಲಗೈಯದು ತಟ್ಟೆಯಂತೆ ಚಪ್ಪಟೆ, ಅದಕ್ಕೆ ದಾರ, ದಾರಕ್ಕೆ ಕುಚ್ಚು. ಇವುಗಳನ್ನು ವೇಷ ಅಂತ ತಿಳಿಯಬಾರದು. ದೀಕ್ಷೆ ಆದವನಿಗೆ ಇವು ದೇವರು ಕೊಟ್ಟ ಒಡವೆ ಇದ್ದ ಹಾಗೆ. ಅವನು ವಾರದ ದಿನ, ಅಂದರೆ ಸೋಮವಾರದಂಥ ದಿನ, ಹಬ್ಬ ಹುಣ್ಣಿಮೆಗಳಲ್ಲಿ ಜೋಳಿಗೆ ಹಾಕಿಕೊಂಡು ಮಾದಪ್ಪನ ಹೆಸರು ಹೇಳಿಕೊಂಡು ಕೆಲವು ಮನೆಗಳ ಮುಂದೆ ನಿಲ್ಲುತ್ತಾನೆ. ಹಾಗೆ ಬೇಡುವುದಕ್ಕೆ ‘ಕೋರಣ್ಯ’ ಎಂದು ಹೆಸರು, ‘ಉಪಾದಾನ’ ಎಂದೂ ಅನ್ನುತ್ತಾರೆ. ಮಿಕ್ಕ ದಿನ ಅವನು ಹೊಲದಲ್ಲಿ ಉಳುತ್ತಿರುತ್ತಾನೆ, ಇಲ್ಲವೇ ಕುರಿ ಮೇಯಿಸುತ್ತಿರುತ್ತಾನೆ. ಇವತ್ತಿನ ಕಾಲದಲ್ಲಾದರೆ ಗಾರೆ ಕೆಲಸಕ್ಕೋ ಕಾರ್ಖಾನೆಗೋ ಹೋಗಿರುತ್ತಾನೆ. ಗುಡ್ಡತನ ಒಂದು ಉದ್ಯೋಗವಲ್ಲ, ನಡೆಸಿಕೊಂಡು ಬರಬೇಕಾದ ಒಂದು ನೇಮ.

ಈ ವ್ಯತ್ಯಾಸ ತಿಳಿಯದೆ ಪಟ್ಟಣದಿಂದ ಬಂದ ಎಷ್ಟೋ ಮಂದಿ ಜೋಳಿಗೆ ಕಂಡ ಕೂಡಲೆ ಭಿಕ್ಷುಕ ಅಂದುಕೊಂಡು ದೂರದಿಂದಲೇ ಒಂದು ರೂಪಾಯಿ ಎಸೆದು ಹೋಗುತ್ತಾರೆ. ‘ಹೋಗಪ್ಪ ಮುಂದಕ್ಕೆ’ ಅನ್ನುವವರೂ ಇದ್ದಾರೆ. ಹೊಟ್ಟೆಗಿಲ್ಲದೆ ಬೇಡುವವನನ್ನೂ ಹಾಗೆ ಅನ್ನಬಾರದು, ಅದು ಬೇರೆ ಮಾತು. ಆದರೆ ಗುಡ್ಡ ಬೇಡುವುದು ತನ್ನ ಹಸಿವಿಗೆ ಅಲ್ಲ. ಎರಡು ಎಕರೆ ನೀರಾವರಿ ಇರುವವನೂ ಆ ದಿನ ಜೋಳಿಗೆ ಹಿಡಿದು ನೆರೆಯವನ ಬಾಗಿಲಲ್ಲಿ ನಿಲ್ಲಬೇಕು. ನಾನು ಎಂಬುದು ಕರಗಲಿ ಎಂದೇ ಹಿರಿಯರು ಇಟ್ಟ ಕಟ್ಟಳೆ ಅದು.

ಈ ಮಾತು ಎಷ್ಟು ಹಳೆಯದು, ಎಷ್ಟು ದೊಡ್ಡವರು ಇದನ್ನು ತಮ್ಮ ಹೆಸರಿಗೆ ಹಚ್ಚಿಕೊಂಡಿದ್ದರು ಎಂದು ತಿಳಿಯಬೇಕಾದರೆ ಈ ಬೆಟ್ಟವನ್ನು ಬಿಟ್ಟು ಇನ್ನೊಂದು ಬೆಟ್ಟಕ್ಕೆ ಹೋಗಬೇಕಾಗುತ್ತದೆ. ಅದು ಹಾಸನ ಜಿಲ್ಲೆಯ ಶ್ರವಣಬೆಳಗೊಳ. ಅಲ್ಲಿಯ ದೇವರು ಬೇರೆ, ಮತ ಬೇರೆ, ಕಾಲವೂ ಬಹಳ ಹಿಂದಿನದು. ಶ್ರೀ ಮಹದೇಶ್ವರ ಸ್ವಾಮಿಯವರು ಸುಮಾರು 14-15ನೆಯ ಶತಮಾನದಲ್ಲಿ ಇದ್ದರೆಂದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಶ್ರವಣಬೆಳಗೊಳದಲ್ಲಿ ನಮಗೆ ಬೇಕಾದ ಶಾಸನಗಳು ಹನ್ನೆರಡನೆಯ ಶತಮಾನದ ಮೊದಲ ಭಾಗದವು, ಹೊಯ್ಸಳ ವಿಷ್ಣುವರ್ಧನ ರಾಜ್ಯವಾಳುತ್ತಿದ್ದ ಕಾಲದವು. ಮತ ಬೇರೆಯಾದರೂ ಮಾತು ಕನ್ನಡದ್ದೇ ತಾನೆ? ಅಲ್ಲಿ ಈ ‘ಗುಡ್ಡ’ ಎಂಬ ಪದ ಕಲ್ಲಿನ ಮೇಲೆ ಸ್ಪಷ್ಟವಾಗಿ ಕೆತ್ತಿದೆ, ಒಂದು ಕಡೆ ಅಲ್ಲ, ಹಲವು ಕಡೆ.

ವಿಷ್ಣುವರ್ಧನನ ಮಂತ್ರಿಯೂ ದಂಡನಾಯಕನೂ ಆಗಿದ್ದವನು ಗಂಗರಾಜ. ಸುಮಾರು 1116ರಲ್ಲಿ ಚೋಳರ ಕೈಯಿಂದ ತಲಕಾಡನ್ನು ಗೆದ್ದುಕೊಂಡ ಸೇನೆಯ ಮುಖ್ಯಸ್ಥ ಇವನೇ. ತಲಕಾಡು ಅಂದರೆ ಮಾದಪ್ಪನ ಒಕ್ಕಲು ತುಂಬಿರುವ ಸೀಮೆ, ಕಾವೇರಿ ದಂಡೆ, ಇಲ್ಲಿಗೆ ದೂರವೇನಲ್ಲ. ಇಷ್ಟು ದೊಡ್ಡ ದಂಡನಾಯಕ ಶಾಸನದಲ್ಲಿ ತನ್ನನ್ನು ಹೇಗೆ ಕರೆಸಿಕೊಂಡಿದ್ದಾನೆ ನೋಡಿ, ಶುಭಚಂದ್ರ ಸಿದ್ಧಾಂತದೇವರ ಗುಡ್ಡ. ಶುಭಚಂದ್ರರು ಜೈನ ಮುನಿಗಳು, ಗಂಗರಾಜನ ಗುರುಗಳು. ಯುದ್ಧ ಗೆದ್ದು ಬಂದವನಿಗೆ ರಾಜ ‘ಬೇಕಾದ್ದು ಕೇಳು’ ಅಂದಾಗ ಅವನು ತನಗೆಂದು ಏನೂ ಕೇಳಲಿಲ್ಲ. ಪರಮ ಎಂಬ ಗ್ರಾಮವನ್ನು ಬೇಡಿ ಪಡೆದು, ತಾಯಿ ಪೋಚಲದೇವಿಯೂ ಹೆಂಡತಿ ಲಕ್ಷ್ಮಿಯೂ ಕಟ್ಟಿಸಿದ ಬಸದಿಗಳ ಪೂಜೆಗೆ ಬಿಟ್ಟುಕೊಟ್ಟ. ದೊಡ್ಡಬೆಟ್ಟದ ಮೇಲಿನ ಗೊಮ್ಮಟಸ್ವಾಮಿಯ ಸುತ್ತ ಇರುವ ಸುತ್ತಾಲಯವನ್ನು ಕಟ್ಟಿಸಿದವನೂ ಅವನೇ. ಚಿಕ್ಕಬೆಟ್ಟದ ಮೇಲಿರುವ ಕತ್ತಲೆ ಬಸದಿ ಅವನು ತಾಯಿಗಾಗಿ 1118ರಲ್ಲಿ ಮಾಡಿಸಿದ್ದು.

ಅದೇ ಚಿಕ್ಕಬೆಟ್ಟದಲ್ಲಿ ಎರಡುಕಟ್ಟೆ ಬಸದಿ ಅಂತ ಇನ್ನೊಂದಿದೆ, ಅದು ಲಕ್ಷ್ಮಿ ಕಟ್ಟಿಸಿದ್ದು. ಆಕೆಯನ್ನು ಶಾಸನ ‘ಗುಡ್ಡಿ’ ಎಂದು ಹೇಳುತ್ತದೆ. ಅಂದರೆ ಗುಡ್ಡನ ಹೆಣ್ಣು ರೂಪ, ಶಿಷ್ಯೆ. ಬೆಟ್ಟ ಎಂಬ ಅರ್ಥದ ಗುಡ್ಡಕ್ಕೆ ಹೀಗೆ ಹೆಣ್ಣು ರೂಪ ಬರುವುದಕ್ಕೆ ಸಾಧ್ಯವೇ? ಇನ್ನು ವಿಷ್ಣುವರ್ಧನನ ಪಟ್ಟದ ರಾಣಿ ಶಾಂತಲದೇವಿಯ ವಿಷಯ. ನಾಟ್ಯ ಸಂಗೀತಗಳಿಗೆ ಹೆಸರಾದ ರಾಣಿ ಆಕೆ, ಸಿನಿಮಾ ಕಾದಂಬರಿಗಳಿಂದ ಎಲ್ಲರಿಗೂ ಗೊತ್ತು. ತಂದೆ ಶೈವ, ತಾಯಿ ಜೈನ. 1123ರಲ್ಲಿ ಆಕೆ ಚಿಕ್ಕಬೆಟ್ಟದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದಳು. ಆಕೆಯ ಗುರು ಪ್ರಭಾಚಂದ್ರ ಸಿದ್ಧಾಂತದೇವರು, ಆಕೆ ಅವರ ಗುಡ್ಡಿ. ಮುಂದೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ರಾಜ್ಯದ ರಾಣಿ ಒಬ್ಬ ಸನ್ಯಾಸಿಯ ಗುಡ್ಡಿ ಎಂದು ಕಲ್ಲಿನಲ್ಲಿ ಬರೆಸಿಕೊಳ್ಳುವುದಕ್ಕೆ ಹಿಂಜರಿಯಲಿಲ್ಲ.

ಈ ಶಾಸನಗಳನ್ನೆಲ್ಲ ಬಿ. ಎಲ್. ರೈಸ್ ಅವರು 1889ರಲ್ಲಿ ಅಚ್ಚು ಹಾಕಿಸಿದರು. ಆಮೇಲೆ ಆರ್. ನರಸಿಂಹಾಚಾರ್ ಅವರು ತಿದ್ದಿ ಬೆಳೆಸಿ 1923ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ಎರಡನೆಯ ಸಂಪುಟವಾಗಿ ಹೊರತಂದರು. ಇಲ್ಲಿಂದ ಹಿಂದಿರುಗುವಾಗ ಶ್ರವಣಬೆಳಗೊಳಕ್ಕೂ ಹೋಗುವ ಭಕ್ತಾದಿಗಳು ದೊಡ್ಡಬೆಟ್ಟ ಒಂದನ್ನೇ ಹತ್ತಿ ಇಳಿದು ಬಸ್ಸು ಹಿಡಿಯುತ್ತಾರೆ. ಚಿಕ್ಕಬೆಟ್ಟವನ್ನೂ ನೋಡುವುದು ಒಳ್ಳೆಯದು.

ಈ ಶಾಸನಗಳಿಂದ ಎರಡು ವಿಚಾರ ಗಟ್ಟಿಯಾಗಿ ತಿಳಿಯುತ್ತದೆ. ಗುಡ್ಡ ಎಂದರೆ ಸನ್ಯಾಸಿಯಲ್ಲ, ಮನೆ ಮಠ ಹೆಂಡಿರು ಮಕ್ಕಳು ಇದ್ದುಕೊಂಡೇ ಗುರುವಿಗೆ ನಡೆದುಕೊಳ್ಳುವ ಗೃಹಸ್ಥ. ನಮ್ಮ ದೇವರಗುಡ್ಡರೂ ಹಾಗೆಯೇ ಇದ್ದಾರಲ್ಲವೇ? ಮತ್ತೆ, ಗುಡ್ಡ ಎಂಬ ಮಾತು ಒಂಟಿಯಾಗಿ ನಿಲ್ಲುವುದಿಲ್ಲ. ಶುಭಚಂದ್ರದೇವರ ಗುಡ್ಡ, ಪ್ರಭಾಚಂದ್ರದೇವರ ಗುಡ್ಡಿ, ಇಲ್ಲಿ ಮಾದಪ್ಪನ ಗುಡ್ಡ, ದೇವರ ಗುಡ್ಡ. ಹಿಂದೆ ಒಂದು ಹೆಸರು ಇರಲೇಬೇಕು. ಮಗ ಅಂದರೆ ಯಾರ ಮಗ, ಶಿಷ್ಯ ಅಂದರೆ ಯಾರ ಶಿಷ್ಯ ಅಂತ ಬರುವ ಹಾಗೆ. ಇದು ಜಾತಿಯ ಹೆಸರಲ್ಲ, ಸಂಬಂಧದ ಹೆಸರು.

ಅಲ್ಲಿ ಗುರುವಿನ ಗುಡ್ಡ, ಇಲ್ಲಿ ದೇವರ ಗುಡ್ಡ ಹೇಗಾಯಿತು ಅಂತ ಯಾರಾದರೂ ಕೇಳಬಹುದು. ಮಾದಪ್ಪನ ಕಥೆ ಕೇಳಿದವರಿಗೆ ಇದು ತೊಡಕಲ್ಲ. ಗರ್ಭಗುಡಿಯಲ್ಲಿ ಲಿಂಗರೂಪಿಯಾಗಿರುವ ಸ್ವಾಮಿ ಕಥೆಯಲ್ಲಿ ಜಂಗಮನಾಗಿ, ಗುರುವಾಗಿ ಊರೂರು ತಿರುಗುತ್ತಾನೆ, ತಾನೇ ಜೋಳಿಗೆ ಹಿಡಿದು ಬಾಗಿಲಲ್ಲಿ ನಿಲ್ಲುತ್ತಾನೆ. ಗುರುವೂ ಅವನೇ ದೇವರೂ ಅವನೇ ಆದ ಕಡೆ ಗುರುವಿನ ಗುಡ್ಡನೇ ದೇವರ ಗುಡ್ಡ ಎನ್ನಬಹುದು.

ಗುಡ್ಡ ಎಂಬುದು ಜಾತಿಯಲ್ಲ ಎಂಬುದನ್ನು ಸ್ವಲ್ಪ ಒತ್ತಿ ಹೇಳಬೇಕಾಗಿದೆ. ಹಾಲುಮತದವರು, ಒಕ್ಕಲಿಗರು, ಬೇಡರು, ಇನ್ನೂ ಬೇರೆ ಬೇರೆ ಜನಾಂಗದವರು ದೇವರಗುಡ್ಡರಾಗಿದ್ದಾರೆ. ಎಲ್ಲ ಜನಾಂಗಕ್ಕೂ ಸ್ವಾಮಿ ಒಬ್ಬನೇ. ಆದರೆ ಅಪ್ಪ ಗುಡ್ಡ, ಮಗ ಗುಡ್ಡ ಅಂತ ಮೂರು ತಲೆ ನಡೆದರೆ ಊರಿನವರು ಅವರ ಮನೆಯನ್ನೇ ‘ಗುಡ್ಡರ ಮನೆ’ ಅಂದುಬಿಡುತ್ತಾರೆ. ಆಮೇಲೆ ಸ್ಕೂಲು ಅರ್ಜಿಯಲ್ಲೋ ಇನ್ನೆಲ್ಲೋ ಜಾತಿ ಅಂತ ಇರುವ ಕಡೆ ಗುಡ್ಡ ಅಂತ ಬರೆಸಿದರೆ ಮುಂದೆ ಅದನ್ನು ತಿದ್ದಿಸುವುದಕ್ಕೆ ತಾಲ್ಲೂಕು ಕಚೇರಿಗೆ ಅಲೆಯಬೇಕಾಗುತ್ತದೆ. ಜಾತಿಯ ಕಾಲಂನಲ್ಲಿ ಜಾತಿಯನ್ನೇ ಬರೆಸಬೇಕು.

ದೇವಸ್ಥಾನದಲ್ಲಿ ಕಾಣುವ ಬೇರೆಯವರನ್ನೂ ಕೆಲವರು ಗುಡ್ಡರು ಎನ್ನುತ್ತಾರೆ, ಅದು ಸರಿಯಲ್ಲ. ಗರ್ಭಗುಡಿಯಲ್ಲಿ ಪೂಜೆ ಸಲ್ಲಿಸುವವರು ಬೇಡಗಂಪಣ ಜನಾಂಗದ ಅರ್ಚಕರು. ಅವರಿಗೆ ತಮ್ಮಡಿಗಳು ಎಂದು ಹೆಸರು. ಪೂಜೆ ಅವರ ಹಕ್ಕು, ಸರದಿಯ ಮೇಲೆ ನಡೆಯುತ್ತದೆ. ದೀಪಾವಳಿಯಲ್ಲಿ ಹಾಲರವೆ ಉತ್ಸವ ನಡೆಯುವಾಗ ತಲೆಯ ಮೇಲೆ ಬಿಂದಿಗೆ ಹೊತ್ತು ಬರುವ 101 ಮಂದಿ ಹೆಣ್ಣುಮಕ್ಕಳೂ ಇದೇ ಜನಾಂಗದವರು. ಅದನ್ನು ನೋಡಬೇಕೆಂದೇ ಬರುವವರು ಸಾವಿರಾರು. ಇನ್ನು ಮನೆದೇವರು ಮಾದಪ್ಪ ಅಂತ ನಡೆದುಕೊಳ್ಳುವ ಮನೆತನಗಳೆಲ್ಲ ‘ಒಕ್ಕಲು’. ಒಕ್ಕಲಿನವರು ವರ್ಷಕ್ಕೊಮ್ಮೆಯಾದರೂ ಬಂದು ಮುಡಿ ಕೊಟ್ಟು, ಹರಕೆ ತೀರಿಸಿ ಹೋಗುತ್ತಾರೆ. ಅವರಿಗೆ ದೀಕ್ಷೆ ಆಗಿರುವುದಿಲ್ಲ, ಆಗಬೇಕೆಂದೂ ಇಲ್ಲ. ಗುಂಪಾಗಿ ನಡೆದು ಬರುವ ಜನವನ್ನು ‘ಪರಸೆ’ ಅನ್ನುತ್ತಾರೆ. ತಮ್ಮಡಿ ಒಳಗೆ, ಒಕ್ಕಲು ಹೊರಗೆ, ಗುಡ್ಡ ಇಬ್ಬರ ನಡುವೆ ದಾರಿಯಲ್ಲಿ ಇರುವವನು. ದೇವರ ಮಹಿಮೆಯನ್ನು ಬೆಟ್ಟದಿಂದ ಊರಿಗೆ ಹೊತ್ತುಕೊಂಡು ಹೋಗುವವನು ಅವನೇ.

ಸುತ್ತಮುತ್ತಲ ಕ್ಷೇತ್ರಗಳಲ್ಲೂ ಇಂಥವರು ಇದ್ದಾರೆ, ಹೆಸರು ಮಾತ್ರ ಬೇರೆ. ಮಂಟೇಸ್ವಾಮಿ, ಸಿದ್ದಪ್ಪಾಜಿಯವರ ಒಕ್ಕಲಿನಲ್ಲಿ ದೀಕ್ಷೆ ಪಡೆದು ತಂಬೂರಿ ಹಿಡಿದು ಹಾಡುವವರು ನೀಲಗಾರರು, ಚಿಕ್ಕಲ್ಲೂರು ಜಾತ್ರೆಗೆ ಹೋದವರು ಅವರನ್ನು ನೋಡಿರುತ್ತಾರೆ. ಬಿಳಿಗಿರಿರಂಗನ ಬೆಟ್ಟದ ಕಡೆ ಶಂಖ ಜಾಗಟೆ ಹಿಡಿದು ಬರುವವರು ದಾಸಯ್ಯಗಳು. ನೀಲಗಾರರನ್ನು ಗುಡ್ಡರು ಎಂದರೆ ಅವರು ಒಪ್ಪುವುದಿಲ್ಲ, ಗುಡ್ಡರನ್ನು ದಾಸಯ್ಯ ಎಂದರೆ ಇವರೂ ಒಪ್ಪುವುದಿಲ್ಲ. ಅವರವರ ಗುರು ಅವರವರಿಗೆ.

ಇವೆಲ್ಲಕ್ಕಿಂತ ಸ್ವಾರಸ್ಯವಾದ ಮಾತು ‘ಗೊರವ’. ಮೈಲಾರಲಿಂಗನ ಭಕ್ತರಾದ ಗೊರವರು ಕರಡಿ ಕೂದಲಿನ ಟೋಪಿ ಹಾಕಿ, ಡಮರು ಬಾರಿಸಿ, ಕೊಳಲೂದಿ ಕುಣಿಯುತ್ತಾರೆ. ಮೈಲಾರದಲ್ಲಿ ಬಿಲ್ಲನ್ನು ಏರಿ ಕಾರಣಿಕ ನುಡಿಯುವವನೂ ಗೊರವನೇ. ಹಳೆಯ ಶಾಸನಗಳಲ್ಲಿ ಗೊರವ ಅಂದರೆ ಶೈವ ತಪಸ್ವಿ, ಗುರು, ಮಠ ನಡೆಸುವಂಥ ದೊಡ್ಡ ಮನುಷ್ಯ. ಕಾಲ ಕಳೆದಂತೆ ಗುರುವಿಗೆ ಇದ್ದ ಹೆಸರು ಜೋಳಿಗೆ ಹಿಡಿದ ಭಕ್ತನಿಗೆ ಬಂತು. ಗುಡ್ಡ ಎಂಬ ಮಾತು ಹೀಗೆ ಜಾಗ ಬದಲಿಸಲಿಲ್ಲ. ಒಂಬೈನೂರು ವರ್ಷದ ಹಿಂದೆ ಶಿಷ್ಯ ಅಂತ ಇದ್ದದ್ದು ಇವತ್ತೂ ಶಿಷ್ಯ ಅಂತಲೇ ಇದೆ. ಅರ್ಥ ಹಾಗೇ ಉಳಿದಿದ್ದರೂ ಕೇಳುವವರ ಕಣ್ಣಿನಲ್ಲಿ ಬೆಲೆ ಇಳಿದುಹೋಗಿದೆ, ಅದೇ ಬೇಸರದ ಸಂಗತಿ. ದಂಡನಾಯಕನ ಹೆಸರಿನ ಪಕ್ಕ ಇದ್ದಾಗ ಬಿರುದಿನಂತೆ ಕಂಡ ಮಾತು, ಹರಿದ ಪಂಚೆಯವನ ಹೆಸರಿನ ಪಕ್ಕ ಬಂದಾಗ ತಿರುಪೆಯಂತೆ ಕಾಣುತ್ತದೆ.

ಇನ್ನು ಕಥೆಯ ವಿಷಯ. ಮಾದಪ್ಪನ ಕಥೆಯನ್ನು ಗುಡ್ಡರು ರಾತ್ರಿ ಪೂರ್ತಿ ಹಾಡುತ್ತಾರೆ. ಮುಂದೆ ಹಾಡುವವನು ಒಬ್ಬ, ಹಿಂದೆ ಸೊಲ್ಲು ಕೊಡುವವರು ಇಬ್ಬರೋ ಮೂವರೋ. ಕಥೆಯ ಒಂದೊಂದು ಭಾಗಕ್ಕೂ ‘ಸಾಲು’ ಎನ್ನುತ್ತಾರೆ. ಶ್ರವಣದೊರೆ ಸಾಲು, ಜುಂಜೇಗೌಡನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಸರಗೂರಯ್ಯನ ಸಾಲು ಹೀಗೆ. ಡಾ. ಪಿ. ಕೆ. ರಾಜಶೇಖರ ಅವರು ಇದನ್ನು ಗುಡ್ಡರ ಬಾಯಿಂದ ಕೇಳಿ ಬರೆದುಕೊಂಡು 1973ರಲ್ಲಿ ಜನಪದ ಮಹಾಕಾವ್ಯವಾಗಿ ಪ್ರಕಟಿಸಿದರು. ಕೆ. ಕೇಶವನ್ ಪ್ರಸಾದ್ ಅವರು ಹೆಬ್ಬಣಿ ಮಾದಯ್ಯ ಮತ್ತು ಅವರ ಮೇಳದವರಿಂದ ಸಂಗ್ರಹಿಸಿದ ಪಾಠ 2001ರಲ್ಲಿ ಸಾಹಿತ್ಯ ಅಕಾದೆಮಿಯಿಂದ ಇಂಗ್ಲಿಷಿಗೂ ಹೋಯಿತು. ಅಕ್ಷರ ಬಾರದ ಎಷ್ಟೋ ಗುಡ್ಡರು ಸಾವಿರಾರು ಸಾಲುಗಳನ್ನು ಬಾಯಲ್ಲಿ ಇಟ್ಟುಕೊಂಡು ಕಾಪಾಡಿದ್ದರಿಂದಲೇ ಇವೆಲ್ಲ ಪುಸ್ತಕವಾದವು.

ಈ ಸಾಲುಗಳಲ್ಲಿ ಸಂಕಮ್ಮನ ಸಾಲು ಕೇಳಿ ಅಳದ ಹೆಂಗಸರಿಲ್ಲ. ಮಕ್ಕಳಿಲ್ಲದ ಸೋಲಿಗರ ಹೆಣ್ಣುಮಗಳು ಸಂಕಮ್ಮ. ಜೇನಿಗೆಂದು ಕಾಡಿಗೆ ಹೊರಟ ಗಂಡ ಅವಳ ಶೀಲವನ್ನು ಶಂಕಿಸಿ ಆಣೆ ಮಾಡು ಅನ್ನುತ್ತಾನೆ. ಅವಳು ಒಪ್ಪುವುದಿಲ್ಲ. ಅವಳಿಗೆ ಕೊಡಬಾರದ ಹಿಂಸೆ ಕೊಟ್ಟು, ಗುಡಿಸಲಲ್ಲಿ ಕಟ್ಟಿಹಾಕಿ ಹೋಗುತ್ತಾನೆ. ಅವಳ ಕೂಗು ಕೇಳಿ ಮಾದಪ್ಪ ಜಂಗಮನ ರೂಪದಲ್ಲಿ ಬಂದು ಕಟ್ಟು ಬಿಡಿಸಿ, ಸಂತಾನ ಭಾಗ್ಯ ಕೊಡುತ್ತಾನೆ. ಹುಟ್ಟಿದವರು ಕಾರಯ್ಯ, ಬಿಲ್ಲಯ್ಯ. ಆ ಮಕ್ಕಳು ಸ್ವಾಮಿಯ ಗುಡ್ಡರಾದರು ಅಂತ ಹಾಡುವವರು ಹೇಳುತ್ತಾರೆ. ಮೇಳದಿಂದ ಮೇಳಕ್ಕೆ ಕಥೆ ಚೂರು ಚೂರು ಬೇರೆಯಾಗುತ್ತದೆ, ಆದರೆ ವರ ಕೊಟ್ಟವನಿಗೆ ಮಗು ಸಲ್ಲಬೇಕು ಎಂಬ ಮಾತು ಅದರೊಳಗೆ ಇದ್ದೇ ಇದೆ.

ಈ ಕಥೆಯ ಜಾಡಿನಲ್ಲೇ ನಮ್ಮ ಜನ ಹರಕೆ ಹೊರುತ್ತಾರೆ. ಮಕ್ಕಳಾಗದವರು, ಹುಟ್ಟಿದ ಮಗು ಕೈಗೆ ಹತ್ತದವರು ‘ಗಂಡು ಮಗು ಉಳಿದರೆ ನಿನಗೆ ಗುಡ್ಡ ಬಿಡ್ತೀವಪ್ಪ’ ಅಂತ ಕೈಮುಗಿಯುತ್ತಾರೆ. ಇಲ್ಲಿ ‘ಬಿಡುವುದು’ ಎಂಬ ಮಾತಿನ ವಿಷಯದಲ್ಲಿ ಭಕ್ತಾದಿಗಳು ಸ್ವಲ್ಪ ಎಚ್ಚರವಾಗಿರಬೇಕು. ದೇವರಿಗೆ ಬಿಡುವುದು ಅಂದ ಕೂಡಲೆ ಬೇರೆ ಕಡೆ ಹೆಣ್ಣುಮಕ್ಕಳನ್ನು ದೇವದಾಸಿ ಮಾಡುತ್ತಿದ್ದ ಪದ್ಧತಿ ನೆನಪಾಗುತ್ತದೆ. ಅದನ್ನು ಕರ್ನಾಟಕ ಸರ್ಕಾರ 1982ರಲ್ಲೇ ಕಾಯಿದೆ ಮಾಡಿ ನಿಷೇಧಿಸಿತು. ಒಳ್ಳೆಯದೇ ಆಯಿತು. ಗುಡ್ಡ ಬಿಡುವುದು ಅದಲ್ಲ. ಗುಡ್ಡನಾದವನು ಮನೆ ಬಿಡುವುದಿಲ್ಲ, ಮದುವೆ ಆಗುತ್ತಾನೆ, ಆಸ್ತಿಗೆ ಹಕ್ಕುದಾರನಾಗಿರುತ್ತಾನೆ. ಹಾಗಿದ್ದರೂ ಹರಕೆ ಹೊತ್ತವರು ತಾಯಿ ತಂದೆ, ನಡೆಸಬೇಕಾದವನು ಮಗ, ಇದರಲ್ಲಿ ಒಂದು ತೊಡಕು ಇದ್ದೇ ಇದೆ. ಹುಡುಗನನ್ನು ಶಾಲೆ ಬಿಡಿಸಿ ಜೋಳಿಗೆ ಹಾಕಿ ಬಾಗಿಲು ಬಾಗಿಲಿಗೆ ಕಳಿಸಿದರೆ ಅದು ಹರಕೆಯಾಗುವುದಿಲ್ಲ, ದುಡಿಮೆಗೆ ಹಚ್ಚಿದಂತಾಗುತ್ತದೆ. 2009ರ ಶಿಕ್ಷಣ ಹಕ್ಕು ಕಾಯಿದೆ ಪ್ರಕಾರ 6ರಿಂದ 14 ವರ್ಷದ ಮಕ್ಕಳು ಶಾಲೆಯಲ್ಲಿ ಇರಬೇಕು. ಬೆಳೆದು ಬುದ್ಧಿ ಬಂದ ಮೇಲೆ ಅವನೇ ಒಪ್ಪಿ ದೀಕ್ಷೆ ತೆಗೆದುಕೊಂಡರೆ ಅದು ಚೆನ್ನ. ಬಲವಂತಕ್ಕೆ ಕಟ್ಟಿದ ರುದ್ರಾಕ್ಷಿ ಬಹಳ ದಿನ ನಿಲ್ಲುವುದಿಲ್ಲ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಹುಡುಗ ವಾರದ ನೇಮವನ್ನು ಹೇಗೆ ನಡೆಸೋದು ಅಂತ ಕೇಳುವವರು ಈಗ ಹೆಚ್ಚು. ಅದನ್ನು ದೀಕ್ಷೆ ಕೊಟ್ಟ ಗುರುವಿನ ಹತ್ತಿರವೇ ಕೇಳಿ ಬಗೆಹರಿಸಿಕೊಳ್ಳಬೇಕು.

ಇನ್ನೊಂದು ಗೊಂದಲ ಈಚೆಗೆ ಬೆಳೆದಿದೆ. ಮೈಸೂರು ದಸರಾ ಜಂಬೂಸವಾರಿಯಲ್ಲಿ, ಟಿ.ವಿ.ಯಲ್ಲಿ, ಕಾಲೇಜು ವಾರ್ಷಿಕೋತ್ಸವದಲ್ಲಿ ಬೀಸು ಕಂಸಾಳೆ ನೋಡಿದವರು ಅಲ್ಲಿ ಕುಣಿಯುವವರೆಲ್ಲ ದೇವರಗುಡ್ಡರು ಅಂದುಕೊಳ್ಳುತ್ತಾರೆ. ಬಲಗೈಯ ತಾಳವನ್ನು ದಾರದಲ್ಲಿ ಬೀಸಿ ಬೀಸಿ, ತಲೆಯ ಮೇಲಿಂದ, ಬೆನ್ನ ಹಿಂದಿನಿಂದ, ಪಕ್ಕದವನ ಬಟ್ಟಲಿಗೆ ಸರಿಯಾಗಿ ಹೊಡೆಯುವ ಆ ಕುಣಿತ ಸಾಮಾನ್ಯ ವಿದ್ಯೆಯಲ್ಲ. ಅದು ಹುಟ್ಟಿದ್ದು ಗುಡ್ಡರ ಕೈಯಲ್ಲಿ. ಈಗ ಅದನ್ನು ದೀಕ್ಷೆ ಇಲ್ಲದವರೂ ಕಲಿಯುತ್ತಾರೆ, ಕಾಲೇಜು ಹುಡುಗಿಯರೂ ಕಲಿತು ಚೆನ್ನಾಗಿ ಕುಣಿಯುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ, ವಿದ್ಯೆ ಹರಡಿದಷ್ಟೂ ಒಳ್ಳೆಯದೇ. ಆದರೆ ಅವರನ್ನು ಕಂಸಾಳೆ ಕಲಾವಿದರು ಅನ್ನಬೇಕು. ಕಂಸಾಳೆ ಬೀಸಲು ಬಾರದ, ರಾಗವಾಗಿ ಹಾಡಲೂ ಬಾರದ ಗುಡ್ಡನೂ ಇರುತ್ತಾನೆ, ಅವನು ನೇಮ ಬಿಡದೆ ನಡೆಸಿದರೆ ಪೂರ್ಣ ಗುಡ್ಡನೇ. ಕಲೆಗೆ ಚಪ್ಪಾಳೆ ಸಾಕು, ಗುಡ್ಡತನಕ್ಕೆ ದೀಕ್ಷೆ ಬೇಕು. ಇವೆರಡನ್ನೂ ಒಂದೇ ಮೈಯಲ್ಲಿ ಇಟ್ಟುಕೊಂಡವರು ಈಗಲೂ ಇದ್ದಾರೆ. ಅಂಥವರು ಅಂಗಳದಲ್ಲಿ ಕಥೆಗೆ ಕೂತರೆ ಭಕ್ತಾದಿಗಳು ಬಸ್ಸಿನ ಅವಸರ ಬಿಟ್ಟು ಒಂದು ಗಳಿಗೆ ಕೂತು ಕೇಳಬೇಕು.

ಜಾತ್ರೆಯ ದಿನಗಳಲ್ಲಿ ದೀಕ್ಷೆಯೂ ಇಲ್ಲದೆ ನೇಮವೂ ಇಲ್ಲದೆ ಬರೀ ಜೋಳಿಗೆ ಬೆತ್ತ ಹಿಡಿದು ಜನರನ್ನು ಅಡ್ಡಗಟ್ಟುವವರೂ ಸೇರಿಕೊಳ್ಳುತ್ತಾರೆ ಎಂಬ ದೂರು ಇದೆ. ‘ಇಷ್ಟು ಕೊಡದಿದ್ದರೆ ಕೇಡಾಗುತ್ತೆ’ ಅಂತ ಹೆದರಿಸುವವನು ದೇವರಗುಡ್ಡನಲ್ಲ, ಇಷ್ಟು ತಿಳಿದುಕೊಂಡರೆ ಸಾಕು. ಗುಡ್ಡನಿಗೆ ಬೇಡುವ ಹಕ್ಕಿದೆ, ಬೆದರಿಸುವ ಹಕ್ಕಿಲ್ಲ. ಹಾಗೆಂದು ಒಬ್ಬನನ್ನು ನೋಡಿ ಎಲ್ಲರನ್ನೂ ಅನುಮಾನಿಸುವುದೂ ನ್ಯಾಯವಲ್ಲ.

ಬಳಕೆಯ ಬಗ್ಗೆ ಕೆಲವು ಮಾತು ಹೇಳಿ ಮುಗಿಸಬಹುದು. ‘ಏ ಗುಡ್ಡ ಬಾರೋ’ ಎಂದು ಕರೆಯಬಾರದು. ವಯಸ್ಸಿನಲ್ಲಿ ಚಿಕ್ಕವನಾದರೂ ರುದ್ರಾಕ್ಷಿ ಹಾಕಿ ಜೋಳಿಗೆ ಹಿಡಿದಾಗ ‘ಅಯ್ಯ’ ಸೇರಿಸಿ ಮಾತನಾಡಿಸುವುದು ಲಕ್ಷಣ. ಲಗ್ನಪತ್ರಿಕೆ, ಕರಪತ್ರಗಳಲ್ಲಿ ಬರೆಸುವಾಗ ‘ಗುಡ್ಡರು’ ಎಂದಷ್ಟೇ ಬಿಡದೆ ‘ದೇವರಗುಡ್ಡರು’ ಅಂತ ಸೇರಿಸಿಯೇ ಬರೆಸಬೇಕು. ದೇವರ ಎಂಬುದು ಬಿಟ್ಟುಹೋದರೆ ಅರ್ಥವೂ ಅರ್ಧಕ್ಕೆ ನಿಲ್ಲುತ್ತದೆ. ಹೆಣ್ಣುಮಕ್ಕಳಿಗೆ ಗುಡ್ಡಿ ಎಂಬ ಶಾಸನದ ಮಾತು ಈ ಕಡೆ ಬಳಕೆಯಲ್ಲಿಲ್ಲ, ಹರಕೆ ಹೊತ್ತು ಬಂದ ಹೆಂಗಸರನ್ನು ಹಾಗೆ ಕರೆಯಲು ಹೋಗಬಾರದು. ಫೋಟೋ ತೆಗೆಯುವವರು ಒಂದು ಮಾತು ಕೇಳಿ ತೆಗೆಯಬೇಕು. ಅದರಲ್ಲೂ ಬೆತ್ತ ಜೋಳಿಗೆಗಳನ್ನು ಇಸಕೊಂಡು ತಾವು ಹಾಕಿಕೊಂಡು ಮೊಬೈಲಿನಲ್ಲಿ ಫೋಟೋ ಹಿಡಿಸಿಕೊಳ್ಳುವುದು ಖಂಡಿತ ಕೂಡದು, ಅದು ಆಟದ ಸಾಮಾನಲ್ಲ.

ಊರಿನಲ್ಲಿ ಸೋಮವಾರ ಬೆಳಿಗ್ಗೆ ಬಾಗಿಲಲ್ಲಿ ಕಂಸಾಳೆಯ ದನಿ ಕೇಳಿ ‘ಉಘೇ ಮಾದಪ್ಪ’ ಅಂದರೆ ಕೋರಣ್ಯಕ್ಕೆ ಬಂದಿದ್ದಾರೆ ಅಂತ ಅರ್ಥ. ಎಸೆಯದೆ, ಕಾಯಿಸದೆ, ಹೊಸಿಲು ದಾಟಿ ಬಂದು ಮೊರದಲ್ಲಿ ಒಂದು ಹಿಡಿ ರಾಗಿಯೋ ಅಕ್ಕಿಯೋ ತಂದು ಜೋಳಿಗೆಗೆ ಹಾಕಿ ಕೈಮುಗಿದರೆ ಆಯಿತು. ಮನೆಯಲ್ಲಿ ಏನೂ ಇಲ್ಲದ ದಿನ ‘ಮುಂದಿನ ವಾರ ಬನ್ನಿ ಅಯ್ಯ’ ಅಂದರೂ ನಡೆಯುತ್ತದೆ, ಗುಡ್ಡ ಬೇಸರ ಮಾಡಿಕೊಳ್ಳುವುದಿಲ್ಲ, ವಿಭೂತಿ ಕೊಟ್ಟು ಮುಂದಿನ ಮನೆಗೆ ಹೋಗುತ್ತಾನೆ.